ಮುಟ್ಟುವ ಜಾಗದ ಲೆಕ್ಕ: ಹೈನ್ರಿಕ್ ಹರ್ಟ್ಸ್ ಅವರ ಬದುಕು



ಹರ್ಟ್ಸ್ ಎಂಬ ಹೆಸರು ನಿಮಗೆ ಹೊಸದಲ್ಲ. ನಮ್ಮ ಮನೆಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಎಫ್‌ಎಂ ರೇಡಿಯೋ ಮೆಗಾಹರ್ಟ್ಸ್‌ನಲ್ಲಿ, ಮೊಬೈಲಿನ ಪ್ರೊಸೆಸರ್ ಗಿಗಾಹರ್ಟ್ಸ್‌ನಲ್ಲಿ. ಇದೇ ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಕುಳಿತು ನಾನೂ ಈ ಪದವನ್ನು ನೂರಾರು ಸಲ ಬರೆದಿದ್ದೇನೆ. ಅದು ಒಬ್ಬ ವಿಜ್ಞಾನಿಯ ಹೆಸರು ಎಂಬುದು ಗೊತ್ತಿತ್ತು. ಆತ ಯಾರು, ಎಷ್ಟು ವರ್ಷ ಬದುಕಿದ್ದ, ಏನೇನು ಮಾಡಿದ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪರೀಕ್ಷೆಗೆ ಅದು ಬರುವುದಿಲ್ಲವಲ್ಲ!

ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಆ ತಪ್ಪನ್ನು ಹಿಡಿದುಕೊಟ್ಟದ್ದು ಹರ್ಟ್ಸ್ ಅವರ ಲೆಕ್ಕ. ಅವರು ತೀರಿಕೊಂಡು ಆಗಲೇ ನೂರು ವರ್ಷ ದಾಟಿತ್ತು. ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕಾಲೇಜಿನಿಂದ ಕರೆ ಬಂದಾಗ, ಅವರ ಬದುಕನ್ನೇ ಹೇಳೋಣ ಎನಿಸಿತು.

ಮೊದಲು ನನ್ನ ಕೆಲಸ ಏನೆಂದು ಹೇಳುತ್ತೇನೆ. ಯಂತ್ರದ ಒಂದು ಭಾಗ ಎಷ್ಟು ಭಾರ ತಾಳುತ್ತದೆ ಎಂಬುದನ್ನು, ಆ ಭಾಗವನ್ನು ತಯಾರಿಸುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಆಕಾರ ಸರಳವಾಗಿದ್ದರೆ ಪುಸ್ತಕದ ಸೂತ್ರವೇ ಸಾಕು. ಆದರೆ ನಿಜವಾದ ಯಂತ್ರದ ಭಾಗಕ್ಕೆ ತೂತು, ತಿರುವು, ಮೂಲೆ ಎಲ್ಲ ಇರುತ್ತವೆ. ಆಗ ಆ ಆಕಾರವನ್ನು ಸಾವಿರಾರು ಸಣ್ಣ ತುಂಡುಗಳಾಗಿ ವಿಂಗಡಿಸುತ್ತೇವೆ. ಒಂದೊಂದು ತುಂಡಿಗೆ ಎಲಿಮೆಂಟ್ ಎಂದು ಹೆಸರು. ತುಂಡುಗಳು ಒಂದಕ್ಕೊಂದು ಸೇರುವ ಬಿಂದುಗಳು ನೋಡ್‌ಗಳು. ಇಡೀ ಜಾಲಕ್ಕೆ ಮೆಶ್ ಎನ್ನುತ್ತಾರೆ. ಪ್ರತಿ ತುಂಡಿನ ಲೆಕ್ಕ ಸುಲಭ. ಎಲ್ಲವನ್ನೂ ಸೇರಿಸಿ ಬಿಡಿಸುವುದು ಕಂಪ್ಯೂಟರಿನ ಕೆಲಸ. ಇದಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಎಂದು ಹೆಸರು. ಈ ಹೆಸರನ್ನು ಅಮೆರಿಕದ ರೇ ಕ್ಲಫ್ ಎಂಬ ಪ್ರಾಧ್ಯಾಪಕರು 1960ರಲ್ಲಿ ಬಳಕೆಗೆ ತಂದರು.

ಒಂದೇ ಭಾಗವಿದ್ದರೆ ಇಷ್ಟೇ. ಆದರೆ ಯಂತ್ರದಲ್ಲಿ ಹತ್ತಾರು ಭಾಗಗಳಿರುತ್ತವೆ. ಪ್ರತಿ ಭಾಗವನ್ನೂ ಬೇರೆ ಬೇರೆ ತಯಾರಿಸಿಕೊಂಡು, ಆಮೇಲೆ ಎಲ್ಲವನ್ನೂ ತಂದು ಅದರದರ ಸ್ಥಾನದಲ್ಲಿ ಕೂರಿಸಬೇಕು. ಇದು ಅಸೆಂಬ್ಲಿ. ನನಗೆ ಆ ವರ್ಷ ಬಂದಿದ್ದ ಕೆಲಸದಲ್ಲಿ ಒಂದು ಪ್ಲೇಟು ಮತ್ತು ಅದರ ಮೇಲೆ ಕೂರುವ ಉಕ್ಕಿನ ಗೋಲಿಗಳಿದ್ದವು. ಸೈಕಲ್ ಬೇರಿಂಗಿನಲ್ಲಿ ಇರುತ್ತವಲ್ಲ, ಅಂಥವೇ ಗೋಲಿಗಳು, ಸ್ವಲ್ಪ ದೊಡ್ಡವು. ಮೇಲಿನ ಭಾರವೆಲ್ಲ ಗೋಲಿಗಳ ಮೂಲಕ ಪ್ಲೇಟಿಗೆ ಇಳಿಯಬೇಕು.

ನಾನು ಎಲ್ಲವನ್ನೂ ಕೂರಿಸಿದೆ. ಪರದೆಯ ಮೇಲೆ ಗೋಲಿ ಪ್ಲೇಟಿಗೆ ಸರಿಯಾಗಿ ತಾಗಿಕೊಂಡು ನಿಂತಿತ್ತು. ಭಾರ ಹಾಕಿ ಲೆಕ್ಕ ಓಡಿಸಿದರೆ, ಗೋಲಿ ಪ್ಲೇಟಿನೊಳಗೆ ನುಗ್ಗಿ ಆಚೆ ಕಡೆಯಿಂದ ಹೊರಗೆ ಹೋಯಿತು! ಪ್ಲೇಟಿಗೆ ಏನೂ ಆಗಿರಲಿಲ್ಲ. ಎರಡು ವಸ್ತುಗಳು ಒಂದೇ ಜಾಗದಲ್ಲಿ ಇರಲಾರವು ಎಂಬುದು ನಮಗೆ ಹುಟ್ಟಿನಿಂದ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಗೋಲಿಯ ಈ ಮೇಲ್ಮೈ, ಪ್ಲೇಟಿನ ಆ ಮೇಲ್ಮೈ, ಇವೆರಡೂ ಒಂದನ್ನೊಂದು ಮುಟ್ಟಬಹುದು, ಮುಟ್ಟಿದರೆ ತಳ್ಳಬೇಕು ಎಂದು ನಾವೇ ಹೇಳಿಕೊಡಬೇಕು. ಮೇಲ್ಮೈಗೆ ಹೊರಮುಖ ಯಾವುದು, ಒಳಮುಖ ಯಾವುದು ಎಂದೂ ಹೇಳಬೇಕು. ಹೇಳದಿದ್ದರೆ ಪಕ್ಕಪಕ್ಕದಲ್ಲೇ ಇದ್ದರೂ ಆ ಎರಡು ಭಾಗಗಳು ಪರಸ್ಪರ ಅಪರಿಚಿತರು.

ಮಾರನೆಯ ದಿನ ನಾನು ಸುಲಭದ ದಾರಿ ಹಿಡಿದೆ. ಎರಡೂ ಮೇಲ್ಮೈಗಳನ್ನು ಅಂಟಿಸಿಬಿಡುವ ಒಂದು ಸೌಲಭ್ಯವಿದೆ. ಅದಕ್ಕೆ ಟೈ ಎನ್ನುತ್ತಾರೆ. ಗೋಲಿಯನ್ನು ಪ್ಲೇಟಿಗೆ ಟೈ ಮಾಡಿದೆ. ಎಲಿಮೆಂಟುಗಳನ್ನು 2 ಮಿಲಿಮೀಟರ್ ಗಾತ್ರದಲ್ಲಿ ಇಟ್ಟೆ. ಲೆಕ್ಕ ಬೇಗ ಮುಗಿಯಿತು. ಕೆಂಪು, ಹಳದಿ, ನೀಲಿ ಬಣ್ಣಗಳ ಚಂದದ ಚಿತ್ರ ಬಂತು. ಒತ್ತಡ ಎಲ್ಲಿಯೂ 100 ಮೆಗಾಪಾಸ್ಕಲ್ ಮುಟ್ಟಿರಲಿಲ್ಲ. ಸಾಧಾರಣ ಉಕ್ಕಿನ ಪ್ಲೇಟೇ ಸಾಕು ಎಂದು ವರದಿ ಬರೆದೆ.

ವರದಿ ಹೊರಗೆ ಹೋಗುವ ಮೊದಲು ಒಬ್ಬ ಹಿರಿಯ ಸಹೋದ್ಯೋಗಿಯ ಕೈಗೆ ಬಂತು. ಅವರು ಚಿತ್ರವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಒಂದು ಹಾಳೆ ತೆಗೆದುಕೊಂಡು ನಾಲ್ಕು ಸಾಲಿನ ಲೆಕ್ಕ ಮಾಡಿದರು. ಗೋಲಿಯ ತ್ರಿಜ್ಯ 10 ಮಿಲಿಮೀಟರ್. ಒಂದು ಗೋಲಿಯ ಮೇಲೆ ಬೀಳುವ ಬಲ 100 ನ್ಯೂಟನ್, ಅಂದರೆ ಹತ್ತು ಕೆಜಿ ಅಕ್ಕಿ ಚೀಲದಷ್ಟು. ಅವರ ಲೆಕ್ಕದ ಪ್ರಕಾರ ಗೋಲಿ ಪ್ಲೇಟನ್ನು ಮುಟ್ಟುವ ವೃತ್ತದ ತ್ರಿಜ್ಯ 0.19 ಮಿಲಿಮೀಟರ್ ಮಾತ್ರ. ಆ ವೃತ್ತದ ನಡುವಿನ ಒತ್ತಡ ಸುಮಾರು 1370 ಮೆಗಾಪಾಸ್ಕಲ್! ನನ್ನ ಒಂದು ಎಲಿಮೆಂಟೇ ಆ ಇಡೀ ವೃತ್ತಕ್ಕಿಂತ ಐದು ಪಟ್ಟು ಅಗಲವಾಗಿತ್ತು. ಅಷ್ಟು ದೊಡ್ಡ ಕಣ್ಣಿನ ಬಲೆಯಲ್ಲಿ ಆ ಚಿಕ್ಕ ಮೀನು ಸಿಗುವುದಾದರೂ ಹೇಗೆ? ನನ್ನ ವರದಿಯನ್ನು ನಂಬಿ ಮೆದು ಉಕ್ಕು ಹಾಕಿದ್ದರೆ, ಪ್ರತಿ ಗೋಲಿಯ ಕೆಳಗೂ ಗುಳಿ ಬಿದ್ದು, ಯಂತ್ರ ಸಡಿಲಗೊಂಡು, ಕೊನೆಗೆ ಅದರ ಮುಂದೆ ನಿಂತು ಕೆಲಸ ಮಾಡುವವರಿಗೇ ತೊಂದರೆಯಾಗುತ್ತಿತ್ತು.

ಆ ನಾಲ್ಕು ಸಾಲಿನ ಲೆಕ್ಕಕ್ಕೆ ಹರ್ಟ್ಸ್ ಸೂತ್ರ ಎಂದು ಹೆಸರು. 50 ಹರ್ಟ್ಸ್‌ನ ಅದೇ ಹರ್ಟ್ಸ್. ಅಂದು ರಾತ್ರಿ ರೂಮಿಗೆ ಹೋಗಿ ಅವರ ಬದುಕಿನ ಬಗ್ಗೆ ಹುಡುಕಿ ಓದಿದೆ. ಓದಿದ್ದನ್ನು ಈಗ ನಿಮಗೆ ಹೇಳುತ್ತಿದ್ದೇನೆ.

ಹೈನ್ರಿಕ್ ರುಡಾಲ್ಫ್ ಹರ್ಟ್ಸ್ ಹುಟ್ಟಿದ್ದು 1857ರ ಫೆಬ್ರವರಿ 22ರಂದು, ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನಲ್ಲಿ. ತಂದೆ ವಕೀಲರು, ಮುಂದೆ ನಗರದ ಸೆನೆಟರ್ ಆದವರು. ತಂದೆಯ ಕಡೆಯ ಮನೆತನ ಮೂಲತಃ ಯಹೂದಿ. ನಂತರ ಕ್ರೈಸ್ತ ಧರ್ಮಕ್ಕೆ ಸೇರಿತ್ತು. ಈ ಮಾತನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಹುಡುಗನಿಗೆ ಎರಡು ಆಸಕ್ತಿಗಳಿದ್ದವು. ಒಂದು ಭಾಷೆ. ಶಾಲೆಯ ಗ್ರೀಕ್, ಲ್ಯಾಟಿನ್ ಸಾಲದೆಂದು ಅವನು ಬೇರೆಯಾಗಿ ಅರಬಿ ಭಾಷೆಯ ಪಾಠ ಹೇಳಿಸಿಕೊಂಡ. ನಮ್ಮಲ್ಲಿ ಎರಡನೇ ಭಾಷೆಯಾಗಿ ಅರಬಿ ತೆಗೆದುಕೊಂಡ ವಿದ್ಯಾರ್ಥಿಗಳಿಗೆ ಇದು ಖುಷಿ ಕೊಡುವ ಸಂಗತಿ. ಅವನ ವೇಗವನ್ನು ಕಂಡು ಬೆರಗಾದ ಅರಬಿ ಶಿಕ್ಷಕರು, ಹುಡುಗನನ್ನು ಪೌರ್ವಾತ್ಯ ಭಾಷೆಗಳ ಅಧ್ಯಯನಕ್ಕೇ ಬಿಡಬೇಕೆಂದು ತಂದೆಗೆ ಸಲಹೆ ಕೊಟ್ಟರಂತೆ.

ಇನ್ನೊಂದು ಕೈಕೆಲಸ. ಭಾನುವಾರಗಳಂದು ಅವನು ಕಸುಬಿನ ಶಾಲೆಗೆ ಹೋಗಿ ರೇಖಾಚಿತ್ರ ಬರೆಯಲು ಕಲಿಯುತ್ತಿದ್ದ. ಮನೆಯಲ್ಲಿ ಮರಗೆಲಸದ ಹತಾರಗಳಿದ್ದವು. ಲೇತ್ ತಿರುಗಿಸುವುದನ್ನೂ ಒಬ್ಬ ಕುಶಲಕರ್ಮಿಯಿಂದ ಕಲಿತ. ಮುಂದೆ ಹರ್ಟ್ಸ್ ಪ್ರಾಧ್ಯಾಪಕರಾದ ಸುದ್ದಿ ಕೇಳಿ ಆ ಕುಶಲಕರ್ಮಿ ಬೇಸರಪಟ್ಟರು ಎಂದು ಹೇಳುತ್ತಾರೆ. ಎಂಥ ಒಳ್ಳೆಯ ಲೇತ್ ಕೆಲಸಗಾರ ಆಗಬಹುದಾಗಿತ್ತಲ್ಲ ಎಂಬುದು ಅವರ ಕೊರಗು.

ಹೀಗೆ ಭಾಷೆ ಒಂದು ಕಡೆ, ಲೇತ್ ಇನ್ನೊಂದು ಕಡೆ. ಮುಂದೇನು ಓದಬೇಕು ಎಂಬ ಪ್ರಶ್ನೆ, ಈಗ ನಿಮ್ಮ ಮುಂದೆ ಇರುವ ಹಾಗೆಯೇ, ಅವನ ಮುಂದೆಯೂ ಬಂತು. 1875ರಲ್ಲಿ ಶಾಲೆ ಮುಗಿಸಿದ ಮೇಲೆ ಕಟ್ಟಡ ಎಂಜಿನಿಯರ್ ಆಗಬೇಕೆಂದು ತೀರ್ಮಾನಿಸಿ ಫ್ರಾಂಕ್‌ಫರ್ಟ್‌ಗೆ ಹೋಗಿ ಒಂದು ವರ್ಷ ಕೆಲಸ ಕಲಿತ. ಅಲ್ಲಿಂದ ಡ್ರೆಸ್ಡೆನ್‌ನ ಪಾಲಿಟೆಕ್ನಿಕ್‌ಗೆ ಸೇರಿ ಕೆಲವು ತಿಂಗಳು ಓದಿದ. ನಂತರ ಕಡ್ಡಾಯ ಸೈನಿಕ ಸೇವೆ. ಒಂದು ವರ್ಷ ಬರ್ಲಿನ್‌ನ ರೈಲ್ವೆ ರೆಜಿಮೆಂಟಿನಲ್ಲಿ ಕಳೆದ. 1877ರಲ್ಲಿ ಎಂಜಿನಿಯರಿಂಗ್ ಮುಂದುವರಿಸಲು ಮ್ಯೂನಿಕ್‌ಗೆ ಬಂದ. ಆಗ ಅವನ ವಯಸ್ಸು ಇಪ್ಪತ್ತು.

ಮ್ಯೂನಿಕ್‌ನಲ್ಲಿ ಮನಸ್ಸು ತಿರುಗಿತು. ತನಗೆ ನಿಜವಾಗಿ ಬೇಕಾಗಿರುವುದು ಭೌತಶಾಸ್ತ್ರ ಎಂದು ಅನಿಸತೊಡಗಿತು. ಎರಡು ವರ್ಷ ಎಂಜಿನಿಯರಿಂಗ್ ದಾರಿಯಲ್ಲಿ ನಡೆದಾಗಿದೆ, ತಂದೆಯ ಹಣ ಖರ್ಚಾಗಿದೆ. ಎಂಜಿನಿಯರಿಂಗ್‌ನಲ್ಲಿ ಅನ್ನ ಖಚಿತ, ಭೌತಶಾಸ್ತ್ರದಲ್ಲಿ ಅದು ಖಚಿತವಿಲ್ಲ. 1877ರ ನವೆಂಬರಿನಲ್ಲಿ ಅವನು ಮನೆಗೆ ಒಂದು ದೀರ್ಘ ಪತ್ರ ಬರೆದ. ಎಂಜಿನಿಯರ್ ಆಗಿ ಬದುಕುವುದು ತನ್ನಿಂದಾಗದ ಮಾತೇನಲ್ಲ, ಆದರೆ ವಿಜ್ಞಾನದಲ್ಲೇ ತನಗೆ ತೃಪ್ತಿ ಎಂದು ವಿವರಿಸಿ, ತಂದೆಯ ಒಪ್ಪಿಗೆ ಕೇಳಿದ. ತಂದೆ ಒಪ್ಪಿದರು.

ಈ ಜಾಗಕ್ಕೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ನನ್ನ ಅಬ್ಬನನ್ನು ನೆನೆದೆ. ಪಿಯುಸಿ ಫಲಿತಾಂಶ ಬಂದಾಗ ಮನೆಯಲ್ಲಿ ನಡೆದ ಚರ್ಚೆಗಳೆಲ್ಲ ನೆನಪಾದವು. ಹೆದರದೆ, ಎದುರು ಮಾತಾಡದೆ, ಕಾರಣಗಳನ್ನು ಬಿಡಿಸಿ ಹೇಳಿ ಒಪ್ಪಿಗೆ ಕೇಳುವುದೂ ಒಂದು ಕಲೆ. ಮಕ್ಕಳ ಪತ್ರವನ್ನು ಪೂರ್ತಿ ಓದಿ ಒಪ್ಪುವುದೂ ಒಂದು ಕಲೆ. ಪೋಷಕರೂ ಈ ಸಂಚಿಕೆ ಓದುತ್ತಾರೆಂದು ಇದನ್ನು ಬರೆಯುತ್ತಿದ್ದೇನೆ.

ಮ್ಯೂನಿಕ್‌ನಲ್ಲಿ ಒಂದು ವರ್ಷ ಗಣಿತವನ್ನು ಆಳವಾಗಿ ಓದಿ, 1878ರಲ್ಲಿ ಹರ್ಟ್ಸ್ ಬರ್ಲಿನ್‌ಗೆ ಹೋದರು. ಅಲ್ಲಿ ಹೆಲ್ಮ್‌ಹೋಲ್ಟ್ಸ್ ಮತ್ತು ಕಿರ್ಕಾಫ್ ಇದ್ದರು. ಕಿರ್ಕಾಫ್ ನಿಮಗೆ ಪರಿಚಿತರು. ಸರ್ಕ್ಯೂಟ್ ಪಾಠದ ಎರಡು ನಿಯಮಗಳು ಅವರವೇ. ಹೆಲ್ಮ್‌ಹೋಲ್ಟ್ಸ್ ಆಗ ಜರ್ಮನಿಯ ಭೌತಶಾಸ್ತ್ರದ ಹಿರಿಯಣ್ಣ. ಅವರು ಕೊಟ್ಟ ಒಂದು ಪ್ರಶ್ನೆಯನ್ನು ಹರ್ಟ್ಸ್ ಪ್ರಯೋಗದಿಂದ ಬಿಡಿಸಿ 1879ರಲ್ಲಿ ಚಿನ್ನದ ಪದಕ ಗೆದ್ದರು. 1880ರಲ್ಲಿ ಡಾಕ್ಟರೇಟ್ ಬಂತು. ಹೆಲ್ಮ್‌ಹೋಲ್ಟ್ಸ್ ಅವರನ್ನು ತಮ್ಮ ಸಹಾಯಕರನ್ನಾಗಿ ಇಟ್ಟುಕೊಂಡರು.

ಇನ್ನು ನನ್ನ ಗೋಲಿಯ ಕಥೆಗೆ ಬರೋಣ. ಬಾಗಿದ ಮಸೂರವನ್ನು ಚಪ್ಪಟೆ ಗಾಜಿನ ಮೇಲಿಟ್ಟು ಬೆಳಕು ಬಿಟ್ಟರೆ ಉಂಗುರಗಳು ಕಾಣುತ್ತವೆ. ಇವು ನ್ಯೂಟನ್ ಉಂಗುರಗಳು. ಎರಡು ಗಾಜುಗಳ ನಡುವಿನ ಅತಿ ಸಣ್ಣ ಗಾಳಿಯ ಸಂದು ಈ ಉಂಗುರಗಳನ್ನು ಮಾಡುತ್ತದೆ. ಬರ್ಲಿನ್‌ನ ಭೌತವಿಜ್ಞಾನಿಗಳ ನಡುವೆ ಈ ಉಂಗುರಗಳ ಬಗ್ಗೆ ಚರ್ಚೆ ನಡೆಯುತ್ತಿತ್ತು. ಹರ್ಟ್ಸ್‌ಗೆ ಒಂದು ಸಂಶಯ ಬಂತು. ಗಾಜನ್ನು ಗಾಜಿನ ಮೇಲೆ ಒತ್ತಿದಾಗ ಮುಟ್ಟುವ ಕಡೆ ಗಾಜು ಸ್ವಲ್ಪವಾದರೂ ಅದುಮಿ ಚಪ್ಪಟೆಯಾಗಬೇಕಲ್ಲ? ಹಾಗಾದರೆ ಸಂದು ಬದಲಾಗುತ್ತದೆ, ಉಂಗುರಗಳೂ ಬದಲಾಗುತ್ತವೆ. ಎಷ್ಟು? ಇದಕ್ಕೆ ಯಾರ ಬಳಿಯೂ ಸರಿಯಾದ ಉತ್ತರವಿರಲಿಲ್ಲ.

1880ರ ಕ್ರಿಸ್‌ಮಸ್ ರಜೆಯಲ್ಲಿ ಅವರು ಈ ಲೆಕ್ಕಕ್ಕೆ ಕುಳಿತರು. ವಯಸ್ಸು ಇಪ್ಪತ್ಮೂರು. ರಜೆ ಮುಗಿಯುವ ಹೊತ್ತಿಗೆ ಉತ್ತರ ಸಿಕ್ಕಿತ್ತು. 1881ರ ಜನವರಿಯಲ್ಲಿ ಬರ್ಲಿನ್‌ನ ಭೌತಶಾಸ್ತ್ರ ಸಂಘದ ಮುಂದೆ ಅದನ್ನು ಮಂಡಿಸಿದರು.

ಅವರು ಅನುಸರಿಸಿದ ಕ್ರಮ ನೋಡಿ. ಮೊದಲು, ಮುಟ್ಟುವ ಬಿಂದುವಿನ ಸುತ್ತ ಪ್ರತಿ ವಸ್ತುವಿನ ಮೇಲ್ಮೈ ಎಷ್ಟು ಬಾಗಿದೆ ಎಂದು ಗಣಿತದಲ್ಲಿ ಬರೆದರು. ಎರಡನೆಯದಾಗಿ, ಎರಡೂ ಮೇಲ್ಮೈಗಳನ್ನು ಎದುರುಬದುರು ಇಟ್ಟು, ನಡುವಿನ ಸಂದು ಬಿಂದುವಿನಿಂದ ದೂರ ಹೋದಂತೆ ಹೇಗೆ ಹೆಚ್ಚುತ್ತದೆ ಎಂದು ಬರೆದರು. ಮೂರನೆಯದಾಗಿ, ಮುಟ್ಟಿದ ಕಡೆ ಏನು ನಡೆಯಬೇಕು ಎಂಬ ಷರತ್ತುಗಳನ್ನು ಹಾಕಿದರು. ಮುಟ್ಟಿರುವ ಜಾಗದಲ್ಲಿ ತಳ್ಳಬಹುದು, ಎಳೆಯುವ ಹಾಗಿಲ್ಲ. ಮುಟ್ಟದ ಜಾಗದಲ್ಲಿ ಬಲವಿಲ್ಲ. ಒಂದು ವಸ್ತು ಇನ್ನೊಂದರ ಒಳಗೆ ನುಗ್ಗುವ ಹಾಗಿಲ್ಲ. ಮೇಲ್ಮೈ, ಜೋಡಣೆ, ಷರತ್ತು. ಇಂದು ನಾನು ತೆರೆಯುವ ಸಾಫ್ಟ್‌ವೇರ್ ನನ್ನಿಂದ ಕೇಳುವುದೂ ಈ ಮೂರನ್ನೇ, ಇದೇ ಕ್ರಮದಲ್ಲಿ. ಗೋಲಿ ಪ್ಲೇಟಿನೊಳಗೆ ನುಗ್ಗಿದ ದಿನ ನಾನು ಮೂರನೆಯದನ್ನು ಮರೆತಿದ್ದೆ. ಟೈ ಮಾಡಿದ ದಿನ ತಪ್ಪು ಷರತ್ತು ಹಾಕಿದ್ದೆ. ಟೈ ಮಾಡಿದ ಮೇಲ್ಮೈಗಳು ತಳ್ಳುವುದಷ್ಟೇ ಅಲ್ಲ, ಎಳೆಯುತ್ತವೆ ಕೂಡ.

ಕಷ್ಟದ ಭಾಗ ಏನೆಂದರೆ, ಮುಟ್ಟುವ ಜಾಗ ಎಷ್ಟು ದೊಡ್ಡದು ಎಂಬುದೇ ಮೊದಲು ಗೊತ್ತಿರುವುದಿಲ್ಲ. ಅದು ಗೊತ್ತಾಗಲು ಒತ್ತಡ ಗೊತ್ತಿರಬೇಕು. ಒತ್ತಡ ಗೊತ್ತಾಗಲು ಜಾಗ ಗೊತ್ತಿರಬೇಕು. ಹರ್ಟ್ಸ್ ಈ ಗಂಟನ್ನು ಬಿಡಿಸಿದ್ದು ನಮ್ಮ ದ್ವಿತೀಯ ಪಿಯುಸಿಯ ಮೊದಲ ಪಾಠಗಳಿಗೆ ಸೇರಿದ ವಿಷಯದಿಂದ, ಅಂದರೆ ವಿದ್ಯುತ್ ವಿಭವದಿಂದ! ವಿದ್ಯುದಾವೇಶ ಒಂದು ದೀರ್ಘವೃತ್ತಾಕಾರದ ಜಾಗದಲ್ಲಿ ಹರಡಿದಾಗ ಬರುವ ಗಣಿತಕ್ಕೂ, ಒತ್ತಡದಿಂದ ಮೇಲ್ಮೈ ಒಳಗೆ ಅದುಮಿಕೊಳ್ಳುವ ಗಣಿತಕ್ಕೂ ರೂಪ ಒಂದೇ ಎಂಬುದನ್ನು ಅವರು ಗುರುತಿಸಿದರು. ಸ್ಥಿರವಿದ್ಯುತ್ತಿನ ಲೆಕ್ಕವನ್ನು ತಂದು ಗಾಜಿನ ಲೆಕ್ಕ ಬಿಡಿಸಿದರು.

ಉತ್ತರದಲ್ಲಿ ಒಂದು ಸೊಗಸಿದೆ. ಗೋಲಿಯ ಮೇಲಿನ ಭಾರವನ್ನು ಎಂಟು ಪಟ್ಟು ಮಾಡಿದರೆ, ಮುಟ್ಟುವ ವೃತ್ತದ ತ್ರಿಜ್ಯ ಎರಡೇ ಪಟ್ಟಾಗುತ್ತದೆ. ವಿಸ್ತೀರ್ಣ ನಾಲ್ಕು ಪಟ್ಟು. ಹಾಗಾಗಿ ಒತ್ತಡ ಹೆಚ್ಚುವುದು ಎರಡೇ ಪಟ್ಟು. ಭಾರ ಹೆಚ್ಚಿದಂತೆ ವಸ್ತು ತಾನೇ ಹೆಚ್ಚು ಜಾಗ ಕೊಟ್ಟು ಅದನ್ನು ಹಂಚಿಕೊಳ್ಳುತ್ತದೆ. ವೃತ್ತದ ನಡುವೆ ಒತ್ತಡ ಸರಾಸರಿಗಿಂತ ಒಂದೂವರೆ ಪಟ್ಟು, ಅಂಚಿನಲ್ಲಿ ಸೊನ್ನೆ.

ಗಾಜಿನ ಉಂಗುರಗಳಿಗಾಗಿ ಹುಟ್ಟಿದ ಈ ಲೆಕ್ಕ ತಮಗೂ ಬೇಕು ಎಂದು ಎಂಜಿನಿಯರುಗಳಿಗೆ ಬೇಗ ಗೊತ್ತಾಯಿತು. 1882ರಲ್ಲಿ ಹರ್ಟ್ಸ್ ಅವರಿಗಾಗಿಯೇ ಇನ್ನೊಂದು ಲೇಖನ ಬರೆದು, ಇದೇ ಲೆಕ್ಕದಿಂದ ವಸ್ತುವಿನ ಗಟ್ಟಿತನವನ್ನು ಅಳೆಯಬಹುದೇ ಎಂದು ವಿವರಿಸಿದರು. ಆ ಅಳತೆ ಲೋಹಗಳಿಗೆ ಅಷ್ಟಾಗಿ ಹೊಂದಲಿಲ್ಲ, ಬಳಕೆಗೂ ಬರಲಿಲ್ಲ. ಆದರೆ ಮೂಲ ಸೂತ್ರ ಉಳಿಯಿತು. ಬೇರಿಂಗ್, ಗೇರಿನ ಹಲ್ಲು, ರೈಲಿನ ಚಕ್ರ ಮತ್ತು ಹಳಿ, ಎಲ್ಲ ಕಡೆಯೂ ಅದೇ ಅಡಿಪಾಯ. ರೈಲಿನ ಒಂದು ಚಕ್ರ ಟನ್‌ಗಟ್ಟಲೆ ಭಾರ ಹೊತ್ತು ಹಳಿಯನ್ನು ಮುಟ್ಟುವುದು ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ! ರೈಲ್ವೆ ರೆಜಿಮೆಂಟಿನಲ್ಲಿದ್ದ ಹುಡುಗನ ಸೂತ್ರ ಕೊನೆಗೆ ಹಳಿಗೇ ಬಂದು ಸೇರಿತು.

ಈ ಸೂತ್ರಕ್ಕೂ ಮಿತಿಗಳಿವೆ, ಅವುಗಳನ್ನು ಹರ್ಟ್ಸ್ ತಾವೇ ಮೊದಲು ಹೇಳಿಕೊಂಡೇ ಹೊರಟರು. ಘರ್ಷಣೆ ಇರಬಾರದು. ಮುಟ್ಟುವ ಜಾಗ ವಸ್ತುವಿಗಿಂತ ತೀರಾ ಚಿಕ್ಕದಿರಬೇಕು. ಬಲ ತೆಗೆದರೆ ವಸ್ತು ಮೊದಲಿನ ಆಕಾರಕ್ಕೆ ಮರಳಬೇಕು. ಬಿಗಿಯಾದ ತೂತಿನಲ್ಲಿ ಕೂತ ಪಿನ್ನಿಗೆ ಈ ಸೂತ್ರ ನಡೆಯದು. ಅಲ್ಲಿ ಫೈನೈಟ್ ಎಲಿಮೆಂಟ್ ವಿಧಾನವೇ ಬೇಕು. ಆದರೆ ಆ ವಿಧಾನದಲ್ಲಿ ಮಾಡಿದ ಮಾದರಿ ಸರಿಯಿದೆಯೇ ಎಂದು ಪರೀಕ್ಷಿಸಲು ಇಂದಿಗೂ ಮೊದಲು ಕೊಡುವ ಲೆಕ್ಕ ಹರ್ಟ್ಸ್ ಅವರದು. ಸಾಫ್ಟ್‌ವೇರ್ ತಯಾರಿಸುವವರೂ ತಮ್ಮ ಪ್ರೋಗ್ರಾಂ ಅನ್ನು ಇದೇ ಲೆಕ್ಕದಿಂದ ತಾಳೆ ನೋಡುತ್ತಾರೆ.

ಬರ್ಲಿನ್‌ನಿಂದ ಹರ್ಟ್ಸ್ 1883ರಲ್ಲಿ ಕೀಲ್ ನಗರಕ್ಕೆ ಉಪನ್ಯಾಸಕರಾಗಿ ಹೋದರು. 1885ರಲ್ಲಿ ಕಾರ್ಲ್ಸ್‌ರೂಹ್‌ನಲ್ಲಿ ಪ್ರಾಧ್ಯಾಪಕರಾದರು. ಮರುವರ್ಷ ಅದೇ ಊರಿನ ಜ್ಯಾಮಿತಿ ಅಧ್ಯಾಪಕರೊಬ್ಬರ ಮಗಳು ಎಲಿಜಬೆತ್ ಡಾಲ್ ಅವರನ್ನು ಮದುವೆಯಾದರು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ಯೊಹಾನಾ ಮತ್ತು ಮಥಿಲ್ಡೆ.

ಪಠ್ಯಪುಸ್ತಕದ ಹರ್ಟ್ಸ್ ಕಾಣಿಸುವುದು ಈ ಕಾರ್ಲ್ಸ್‌ರೂಹ್‌ನಲ್ಲಿ. ವಿದ್ಯುತ್ತು ಮತ್ತು ಕಾಂತತ್ವದ ಅಲೆಗಳು ಬೆಳಕಿನ ವೇಗದಲ್ಲಿ ಸಾಗಬೇಕು ಎಂದು ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಗಣಿತದಿಂದ ಹೇಳಿದ್ದರು. ಅಂಥ ಅಲೆಯನ್ನು ಯಾರೂ ಪ್ರಯೋಗಾಲಯದಲ್ಲಿ ಹುಟ್ಟಿಸಿ ತೋರಿಸಿರಲಿಲ್ಲ. ಈ ದಿಕ್ಕಿನ ಒಂದು ಪ್ರಶ್ನೆಯನ್ನು ಹೆಲ್ಮ್‌ಹೋಲ್ಟ್ಸ್ 1879ರಲ್ಲೇ ಹರ್ಟ್ಸ್ ಮುಂದೆ ಇಟ್ಟಿದ್ದರು. ಆಗ ಹರ್ಟ್ಸ್ ಲೆಕ್ಕ ಹಾಕಿ, ಇದ್ದ ಉಪಕರಣಗಳಿಂದ ಆ ಪರಿಣಾಮವನ್ನು ಹಿಡಿಯುವುದು ಸಾಧ್ಯವಿಲ್ಲವೆಂದು ಕಂಡುಕೊಂಡು ಬದಿಗಿಟ್ಟಿದ್ದರು. ಬಿಟ್ಟುಬಿಟ್ಟಿರಲಿಲ್ಲ, ಬದಿಗಿಟ್ಟಿದ್ದರು ಅಷ್ಟೇ.

1886ರಲ್ಲಿ ಪಾಠಕ್ಕೆಂದು ಇಟ್ಟಿದ್ದ ಎರಡು ತಂತಿ ಸುರುಳಿಗಳ ಜೊತೆ ಪ್ರಯೋಗ ಮಾಡುವಾಗ, ಒಂದರಲ್ಲಿ ಕಿಡಿ ಹಾರಿದರೆ ಇನ್ನೊಂದರಲ್ಲೂ ಕಿಡಿ ಬರುವುದನ್ನು ಕಂಡರು. ಏಳು ವರ್ಷ ಬದಿಗಿದ್ದ ಪ್ರಶ್ನೆಗೆ ದಾರಿ ಸಿಕ್ಕಿತು. ಕಿಡಿ ಹಾರಿಸುವ ಉಪಕರಣ ಒಂದು ಕಡೆ. ಇನ್ನೊಂದು ಕಡೆ ಬಳೆಯಂತೆ ಬಗ್ಗಿಸಿದ ತಂತಿ, ಅದರ ತುದಿಗಳ ನಡುವೆ ಕೂದಲೆಳೆಯಷ್ಟು ಸಂದು. ಕೋಣೆಯನ್ನು ಕತ್ತಲು ಮಾಡಿ, ಆ ಸಂದಿನಲ್ಲಿ ಹಾರುವ ಚಿಕ್ಕ ಕಿಡಿಗಾಗಿ ಕಣ್ಣು ನೆಟ್ಟು ಕಾಯುವುದು. ಎದುರು ಗೋಡೆಗೆ ದೊಡ್ಡ ಸತುವಿನ ತಗಡು ನಿಲ್ಲಿಸಿ ಅಲೆಯನ್ನು ಹಿಂದಕ್ಕೆ ಪ್ರತಿಫಲಿಸಿದರು. ತಂತಿಯ ಬಳೆಯನ್ನು ಅಲ್ಲಿಂದಿಲ್ಲಿಗೆ ಸರಿಸುತ್ತ, ಕಿಡಿ ಎಲ್ಲಿ ಜೋರು, ಎಲ್ಲಿ ಇಲ್ಲ ಎಂದು ಗುರುತಿಸಿ ತರಂಗದೂರ ಅಳೆದರು. 1888ರ ಹೊತ್ತಿಗೆ ಈ ಅಲೆಗಳು ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ವಕ್ರೀಭವನ ಹೊಂದುತ್ತವೆ, ಧ್ರುವೀಕರಣ ತೋರುತ್ತವೆ ಎಂದು ಸಾಬೀತಾಯಿತು. ಅದೇ ಪ್ರಯೋಗಗಳ ನಡುವೆ, ಅತಿನೇರಳೆ ಬೆಳಕು ಬಿದ್ದರೆ ಕಿಡಿ ಸುಲಭವಾಗಿ ಹಾರುತ್ತದೆ ಎಂಬುದನ್ನೂ 1887ರಲ್ಲಿ ಗಮನಿಸಿ ದಾಖಲಿಸಿದರು. ದ್ಯುತಿವಿದ್ಯುತ್ ಪರಿಣಾಮದ ಮೊದಲ ಸುಳಿವು ಅದು.

ಈ ಉಪಕರಣಗಳಲ್ಲಿ ಬಹಳಷ್ಟನ್ನು ರೂಪಿಸಿ ಹೊಂದಿಸಿದ್ದು ಅವರದೇ ಕೈ. ಲೇತ್ ಕಲಿಸಿದ ಆ ಕುಶಲಕರ್ಮಿಯ ಪಾಠ ವ್ಯರ್ಥವಾಗಲಿಲ್ಲ.

1889ರಲ್ಲಿ ಬಾನ್ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಉಷ್ಣಗತಿಶಾಸ್ತ್ರದ ಕ್ಲಾಸಿಯಸ್ ತೀರಿಕೊಂಡು ತೆರವಾಗಿದ್ದ ಸ್ಥಾನ ಅದು. ಹೆಸರು ಬಂದಿತ್ತು, ಮನೆ ತುಂಬಿತ್ತು. 1892ರಲ್ಲಿ ಕಾಯಿಲೆ ಶುರುವಾಯಿತು. ಮೂಗು, ಕಿವಿಗಳಲ್ಲಿ ಸೋಂಕು, ತೀವ್ರ ನೋವು, ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ನೋವಿನ ನಡುವೆಯೇ ಯಂತ್ರಶಾಸ್ತ್ರದ ಮೂಲತತ್ವಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆಯುತ್ತಿದ್ದರು. 1893ರ ಡಿಸೆಂಬರಿನವರೆಗೂ ಪಾಠ ಮಾಡಿದರು. 1894ರ ಜನವರಿ 1ರಂದು ತೀರಿಕೊಂಡರು. ಮೂವತ್ತೇಳು ಕೂಡ ತುಂಬಿರಲಿಲ್ಲ. ಪುಸ್ತಕ ಅದೇ ವರ್ಷ ಹೊರಬಂತು. ಶಿಷ್ಯನ ಪುಸ್ತಕಕ್ಕೆ ಮುನ್ನುಡಿ ಬರೆಯುವ ಸಂಕಟ ಗುರು ಹೆಲ್ಮ್‌ಹೋಲ್ಟ್ಸ್ ಅವರ ಪಾಲಿಗೆ ಬಂತು. ಅವರೂ ಅದೇ ವರ್ಷ ತೀರಿಕೊಂಡರು.

ಅಲೆಗಳು ಮುಂದುವರಿದವು. ಮರುವರ್ಷವೇ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಹರ್ಟ್ಸ್ ಅಲೆಗಳಿಗಿಂತ ಬಹಳ ಚಿಕ್ಕದಾದ, ಮಿಲಿಮೀಟರ್ ಅಳತೆಯ ಅಲೆಗಳೊಂದಿಗೆ ಪ್ರಯೋಗ ನಡೆಸಿದರು. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಿದರು. 1930ರಲ್ಲಿ ಆವರ್ತನದ ಮಾನಕ್ಕೆ ಹರ್ಟ್ಸ್ ಹೆಸರಿಡಲಾಯಿತು.

ಆದರೆ ಅವರ ಸ್ವಂತ ದೇಶದಲ್ಲಿ ಏನಾಯಿತು? ನಾಜಿಗಳು ಅಧಿಕಾರಕ್ಕೆ ಬಂದಾಗ ಅಜ್ಜ ಮುತ್ತಜ್ಜಂದಿರ ಮೂಲವನ್ನು ಕೆದಕಲಾಯಿತು. ಹ್ಯಾಂಬರ್ಗ್ ನಗರಸಭೆಯ ಭವನದಲ್ಲಿ ಗೌರವದಿಂದ ತೂಗುಹಾಕಿದ್ದ ಹರ್ಟ್ಸ್ ಅವರ ಚಿತ್ರವನ್ನು ಇಳಿಸಿದರು. ಜೀವವಿಜ್ಞಾನಿಯಾಗಿದ್ದ ಮಗಳು ಮಥಿಲ್ಡೆ, ಅಕ್ಕ, ವಯಸ್ಸಾದ ತಾಯಿ, ಮೂವರೂ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು. ಗೋಡೆಯಿಂದ ಚಿತ್ರ ಇಳಿಸಿದವರ ರೇಡಿಯೋ ಭಾಷಣಗಳೆಲ್ಲ ಪ್ರಸಾರವಾಗುತ್ತಿದ್ದದ್ದು ಅದೇ ಹರ್ಟ್ಸ್ ತೋರಿಸಿಕೊಟ್ಟ ಅಲೆಗಳ ಮೇಲೆ. ಮನುಷ್ಯನನ್ನು ಅವನ ಕೆಲಸದಿಂದ ನೋಡದೆ ಹುಟ್ಟಿನಿಂದ ಅಳೆಯುವವರು ಎಂಥ ನಷ್ಟ ಮಾಡಿಕೊಳ್ಳುತ್ತಾರೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಮತ್ತೆ ನನ್ನ ಪ್ಲೇಟಿಗೆ ಬರುತ್ತೇನೆ. ಆ ವರದಿಯನ್ನು ನಾನು ಹರಿದುಹಾಕಿದೆ. ಟೈ ತೆಗೆದು, ಗೋಲಿಗೂ ಪ್ಲೇಟಿಗೂ ಮೇಲ್ಮೈಗಳನ್ನು ಒಂದೊಂದಾಗಿ ಹೆಸರಿಸಿ, ಹೊರಮುಖ ಸರಿಯಿದೆಯೇ ನೋಡಿ, ತಳ್ಳುವ ಷರತ್ತು ಮಾತ್ರ ಹಾಕಿದೆ. ಮುಟ್ಟುವ ಜಾಗದ ಸುತ್ತ ಎಲಿಮೆಂಟುಗಳನ್ನು ಮಿಲಿಮೀಟರಿನ ಐವತ್ತನೇ ಒಂದು ಭಾಗಕ್ಕೆ ಇಳಿಸಿದೆ. ಲೆಕ್ಕ ರಾತ್ರಿಯಿಡೀ ಓಡಿತು. ಬೆಳಗ್ಗೆ ಬಂದ ಒತ್ತಡ ಹಾಳೆಯ ಮೇಲಿನ 1370ಕ್ಕೆ ತೀರಾ ಹತ್ತಿರವಿತ್ತು. ಪ್ಲೇಟಿಗೆ ಗಟ್ಟಿಗೊಳಿಸಿದ ಉಕ್ಕು ಬೇಕೆಂದು ಹೊಸ ವರದಿ ಹೋಯಿತು. ಅಂದಿನಿಂದ ಯಾವ ಬಣ್ಣದ ಚಿತ್ರವನ್ನೂ ಕಾಗದದ ಮೇಲೆ ಒಮ್ಮೆ ಲೆಕ್ಕ ಮಾಡದೆ ನಾನು ನಂಬಿಲ್ಲ.

ಇದನ್ನು ಓದಿದ ಮೇಲೆ ಒಂದು ಕೆಲಸ ಮಾಡಿ. ಭೌತಶಾಸ್ತ್ರದ ಲ್ಯಾಬ್‌ನಲ್ಲಿ ಸ್ವಲ್ಪವೇ ಬಾಗಿದ ಮಸೂರವಿದ್ದರೆ, ಸರ್ ಅಥವಾ ಮೇಡಂ ಅವರ ಅನುಮತಿ ಪಡೆದು, ಅದನ್ನು ಚಪ್ಪಟೆ ಗಾಜಿನ ಮೇಲಿಟ್ಟು ಬೆಳಕಿನಲ್ಲಿ ನೋಡಿ. ನಡುವೆ ಸಣ್ಣ ಕಪ್ಪು ಚುಕ್ಕೆ, ಸುತ್ತ ಉಂಗುರಗಳು ಕಾಣಬಹುದು. ಈಗ ಬೆರಳಿನಿಂದ ಮೆಲ್ಲಗೆ ಒತ್ತಿ. ಆ ಕಪ್ಪು ಚುಕ್ಕೆ ದೊಡ್ಡದಾಗುತ್ತದೆ. ಇಪ್ಪತ್ಮೂರು ವರ್ಷದ ಹುಡುಗನೊಬ್ಬ ರಜೆಯಲ್ಲಿ ಕೂತು ಲೆಕ್ಕ ಹಾಕಿದ್ದು ಆ ಚುಕ್ಕೆ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನೇ.

— ಹಳೆಯ ವಿದ್ಯಾರ್ಥಿ, ವಿಜ್ಞಾನ ವಿಭಾಗ